ಮೊದಲೇ ಹಾಕಿದ ಟಿಕ್

ಬೆಳಿಗ್ಗೆ ಬಂದ ಕೂಡಲೇ ಒಂದು ಕಟ್ಟು ಫಾರಂ ಎದುರಿಗಿಟ್ಟುಕೊಂಡು, ‘ರಕ್ತ ತೆಗೆಯಲು ಒಪ್ಪಿಗೆ: ಇದೆ / ಇಲ್ಲ’ ಎಂಬಲ್ಲಿ ‘ಇದೆ’ಗೆ ಸರಸರನೆ ಟಿಕ್ ಹಾಕಿಡುವುದು ಸರ್ಕಾರಿ ಆಸ್ಪತ್ರೆಯ ಆ ಲ್ಯಾಬ್ ಟೆಕ್ನಿಷಿಯನ್ ಹೆಂಗಸಿನ ಹನ್ನೊಂದು ವರ್ಷದ ರೂಢಿ. ಕೇಸಿನ ತನಿಖೆಗೆಂದು ಪೊಲೀಸರು ಕರೆತಂದವರು ಅದನ್ನು ಓದುತ್ತಿರಲಿಲ್ಲ. ತೋರಿಸಿದ ಕಡೆ ಸಹಿ ಹಾಕಿ ತೋಳು ಚಾಚುತ್ತಿದ್ದರು. ಸಿರಿಂಜಿನ ಅಳತೆಯಲ್ಲಾಗಲಿ, ಸೀಸೆಯ ಮೇಲಿನ ಚೀಟಿಯಲ್ಲಾಗಲಿ ಅವಳು ಕೂದಲೆಳೆಯಷ್ಟೂ ತಪ್ಪಿದವಳಲ್ಲ. ಅದು ಅವಳ ಹೆಮ್ಮೆ.

ಆ ದಿನ ಕಾನ್‌ಸ್ಟೆಬಲ್ ಜೊತೆ ಬಂದ ದರ್ಜಿ ಮಾತ್ರ ಜೇಬಿನಿಂದ ಕನ್ನಡಕ ತೆಗೆದ.

“ಕತೆ ಪುಸ್ತಕ ಅಲ್ಲ ಕಣಯ್ಯ ಅದು. ಸಹಿ ಹಾಕು,” ಎಂದ ಕಾನ್‌ಸ್ಟೆಬಲ್.

“ಕಣ್ಣು ಮಂಜು ಸಾರ್, ಸ್ವಲ್ಪ ಹೊತ್ತು ಹಿಡಿಯುತ್ತೆ.” ದರ್ಜಿ ಮೇಲಿನ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ: ‘ಸಂವಿಧಾನ ಕೊಟ್ಟ ಹಕ್ಕಿನಂತೆ ನೀವು ನಿರಾಕರಿಸಬಹುದು.’ ಬೆರಳು ಕೆಳಗಿಳಿದು ಒಂದೆಡೆ ನಿಂತಿತು. “ಒಪ್ಪಿಗೆ ಇದೆ ಅಂತ ಆಗ್ಲೇ ಹಾಕಿದೆಯಲ್ಲಮ್ಮ. ಯಾರು ಒಪ್ಪಿದ್ದು?”

ಅವಳು ಫಾರಂ ಕಡೆ ಬಗ್ಗಿ ನೋಡಿದಳು. “ಅದು... ಎಲ್ಲರಿಗೂ ಹಾಗೇ ಹಾಕಿಡ್ತೀವಿ.”

“ಟೇಪು ಮೈಗೆ ತಾಗಿಸೋಕೆ ಮುಂಚೆ ನಾನು, ‘ಅಳತೆ ತಗೊಳ್ಳಲಾ ಸ್ವಾಮಿ’ ಅಂತ ಕೇಳ್ತೀನಮ್ಮ. ಬರೀ ಒಂದು ಅಂಗಿಗೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

“ಟಿಕ್ ಆಗಿದೆಯಲ್ಲ ಮೇಡಂ, ಚುಚ್ಚಿ. ಸಹಿ ಆಮೇಲೆ ನೋಡ್ಕೊಳ್ಳೋಣ,” ಎಂದ ಕಾನ್‌ಸ್ಟೆಬಲ್.

ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ ಕೈಯಲ್ಲೇ ಇತ್ತು. ಅವಳು ಅದನ್ನು ಕೆಳಗಿಟ್ಟಳು. ಆ ಫಾರಂ ಹರಿದು, ಡ್ರಾಯರಿನಿಂದ ಟಿಕ್ ಇಲ್ಲದ್ದೊಂದನ್ನು ತೆಗೆದಳು. “ರಕ್ತ ತೆಗೆಯೋಕೆ ನಿಮ್ಮ ಒಪ್ಪಿಗೆ ಇದೆಯಾ?” ಎಂದೂ ಕೇಳಿರದ ಪ್ರಶ್ನೆ, ನಾಲಿಗೆ ತೊಡರಿತು.

“ಇಲ್ಲಮ್ಮ. ವಕೀಲರು ಬರಲಿ.”

ಅವಳು ‘ಇಲ್ಲ’ಕ್ಕೆ ಟಿಕ್ ಹಾಕಿದಳು.

“ಇಷ್ಟು ದಿನ ಇಲ್ಲದ್ದು, ಇವತ್ತೇನು ಮೇಡಂ ಹೊಸ ರಾಗ?” ಕಾನ್‌ಸ್ಟೆಬಲ್ ಕೇಳಿದ.

ಆ ಪ್ರಶ್ನೆ ಚುಚ್ಚಿತು; ಅವಳು ಫಾರಂ ಅನ್ನು ಸಹಿಗೆಂದು ದರ್ಜಿಯ ಮುಂದಿಟ್ಟಳು. ಹೊರಡುವಾಗ ದರ್ಜಿ “ಉಪಕಾರ ಆಯ್ತು ತಾಯಿ” ಎಂದದ್ದು ಇನ್ನೂ ಆಳಕ್ಕೆ ನಾಟಿತು.

ಉಳಿದ ಫಾರಂಗಳನ್ನೂ ಹರಿದು ಹಾಕಿದಳು. ಕಳೆದ ವರ್ಷ ಒಬ್ಬ ಹುಡುಗಿ ತೋಳು ಹಿಂದಕ್ಕೆಳೆದುಕೊಂಡಿದ್ದಳು. “ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಿ,” ಎಂದು ನಗುತ್ತಲೇ ಆ ತೋಳನ್ನು ಬಿಗಿಯಾಗಿ ಹಿಡಿದಿದ್ದಳು ಇವಳು. ಸೂಜಿಗೆ ಹೆದರಿದಳು ಎಂದುಕೊಂಡಿದ್ದಳು. ಆ ಹುಡುಗಿಯ ಫಾರಂ ಗೋಡೆಯ ಕಪಾಟಿನಲ್ಲಿ ಇನ್ನೂ ಇರಬೇಕು, ‘ಇದೆ’ಯ ಮೇಲೆ ಇವಳದೇ ಅಚ್ಚುಕಟ್ಟಾದ ಟಿಕ್ ಹೊತ್ತು.

ಕಪಾಟಿನ ಬೀಗದ ಕೈ ಮೇಜಿನ ಮೇಲೇ ಇತ್ತು. ಎತ್ತಿಕೊಳ್ಳಲು ಕೈ ಬರಲಿಲ್ಲ.