ಎರಡನೆಯ ಕೇಬಲ್

"ಕೀಳ್ಲಾ ಸಾರ್?" ಎಂದವನೇ, ಉತ್ತರಕ್ಕೂ ಕಾಯದೆ ರುದ್ರೇಶ್ ಓಡುತ್ತಿದ್ದ ಮುದ್ರಣಯಂತ್ರದಿಂದ ಕೇಬಲ್ ಕಿತ್ತುಬಿಟ್ಟ.

ಮಾಲೀಕ ನರಸಿಂಹಯ್ಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಏನೂ ಆಗಲಿಲ್ಲ. ರೋಲರುಗಳೆಲ್ಲ ಒಟ್ಟಿಗೇ ತಿರುಗುತ್ತಿದ್ದವು. ಶಾಂಪೂ ಪ್ಯಾಕೆಟ್ಟಿನ ಹಾಳೆಯ ಮೇಲೆ ಕೆಂಪು ಕೆಂಪಿನ ಜಾಗದಲ್ಲೇ, ಹಸಿರು ಹಸಿರಿನ ಜಾಗದಲ್ಲೇ ಬೀಳುತ್ತಿತ್ತು.

"ಅಬ್ಬಬ್ಬಾ! ಏನ್ರೀ ಇದು, ಕಣ್ಕಟ್ಟಾ?"

"ರಿಂಗು ಸಾರ್. ಒಂದು ಕಡೆ ಕಿತ್ರೆ ಇನ್ನೊಂದು ಕಡೆಯಿಂದ ಸುದ್ದಿ ಹೋಗತ್ತೆ. ಯಾವ ಮೋಟರಿಗೂ ಗೊತ್ತೇ ಆಗಲ್ಲ."

ಮೋಟರುಗಳಿಗೆ ಹುಕುಂ ಸಾಗಿಸುವ ಈ ಕೇಬಲ್ ವ್ಯವಸ್ಥೆಗೆ ರುದ್ರೇಶನ ಕಸುಬಿನಲ್ಲಿ ಬಸ್ ಎನ್ನುತ್ತಾರೆ. ಹಳೆಯ ಬಸ್ಸೇ ಸಾಕೆಂದು ನರಸಿಂಹಯ್ಯ ಪಟ್ಟು ಹಿಡಿದಿದ್ದರು. ಅದರಲ್ಲಿ ಹುಕುಂ ಕಣ್ಣೆವೆ ಇಕ್ಕುವಷ್ಟು ತಡವಾದರೂ ಬಣ್ಣವೆಲ್ಲ ಕಲಸುಮೇಲೋಗರ. ಆಗೆಲ್ಲ ಆಪರೇಟರ್ ಯಮನಪ್ಪ ಪೀಣ್ಯಕ್ಕೆ ಪೀಣ್ಯವೇ ಕೇಳುವಂತೆ "ರುದ್ರೇಶ ಸರ, ಲಗೂ ಬರ್ರಿ!" ಎಂದು ಕೂಗಬೇಕು, ಇವನು ಎಂಜಲು ಕೈಯಲ್ಲೇ ಓಡಬೇಕು. ಆ ಪೀಡೆ ಇವತ್ತಿಗೆ ತೊಲಗಿತು. ರುದ್ರೇಶನಿಗೆ ಶಿಳ್ಳೆ ಹೊಡೆಯಬೇಕೆನಿಸಿತು.

"ಎಲ್ಲಾ ಮೆಷಿನ್ನಿಗೂ ಇದೇ ಹಾಕ್ರೀ," ಎಂದು ನರಸಿಂಹಯ್ಯ ಬೆನ್ನು ತಟ್ಟಿದರು.

ರುದ್ರೇಶ್ ಕೇಬಲ್ಲನ್ನು ಮತ್ತೆ ಸಿಕ್ಕಿಸಿ, ಹೆಂಡತಿಗೆ ಫೋನು ಮಾಡಿದ. "ನಿವೇದಿತಾ, ಗೆದ್ದೆ ಕಣೇ!"

"ಏನನ್ನ?"

"ಅದೇ, ಹೊಸ ಬಸ್ಸು. ನಾನು ಹೇಳಿದ್ದೇ ಆಯ್ತು."

"ಒಳ್ಳೇದಾಯ್ತು ಬಿಡಿ. ಇನ್ಮೇಲಾದ್ರೂ ಬೇಗ ಬರ್ತೀರಾ?"

"ನೋಡೋಣ." ಬೇಗ ಹೋಗಿ ಮಾಡುವುದೇನೆಂದು ಅವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಡಬ್ಬಿ ಪೂರ್ತಿ ಖಾಲಿಯಾಯಿತು. ಯಾರೂ ಕೂಗಲಿಲ್ಲ. ಕೈ ತೊಳೆದು ಬಂದು ಕುಳಿತ. ಆಗಲೂ ಕೂಗಲಿಲ್ಲ. ತಾನೇ ಎದ್ದು ಯಂತ್ರದ ಬಳಿ ಹೋದ. ಯಮನಪ್ಪ ಸ್ಟೂಲಿನ ಮೇಲೆ ಕುಳಿತು ಚಹಾ ಹೀರುತ್ತಿದ್ದ.

"ಹೇಗಿದೆ?"

"ಭಾರಿ ಐತ್ರಿ ಸರ! ಇನ್ನ ನಿಮಗೇನೂ ಕೆಲಸಿಲ್ಲ. ಆರಾಮ ಕೂಡ್ರಿ."

ಪ್ರೀತಿಯಿಂದಲೇ ಹೇಳಿದ್ದ. ರುದ್ರೇಶ್ ನಗಲು ನೋಡಿದ, ಆಗಲಿಲ್ಲ.

ಯಮನಪ್ಪ ಲೋಟ ತೊಳೆಯಲು ಹೋದಾಗ ರುದ್ರೇಶ್ ಯಂತ್ರದ ಹಿಂದಕ್ಕೆ ಸರಿದು, ನಡುವಿನ ರೋಲರಿನ ಮೋಟರಿಗಿದ್ದ ಎರಡು ಕೇಬಲ್ಲುಗಳಲ್ಲಿ ಒಂದನ್ನು ಮೆಲ್ಲಗೆ ಕಿತ್ತ. ಯಂತ್ರ ಓಡುತ್ತಲೇ ಇತ್ತು. ಯಾರೂ ತಿರುಗಿ ನೋಡಲಿಲ್ಲ.

ಇನ್ನೊಂದನ್ನೂ ಕಿತ್ತರೆ ಆ ಮೋಟರು ಒಂಟಿಯಾಗುತ್ತದೆ. ರೋಲರು ನಿಲ್ಲುತ್ತದೆ, ಹಾಳೆ ಪರ್ರೆಂದು ಹರಿಯುತ್ತದೆ, ಶೆಡ್ಡಿಗೆ ಶೆಡ್ಡೇ ಅವನ ಹೆಸರು ಹಿಡಿದು ಕಿರುಚುತ್ತದೆ. ಅವನು ಆ ಕೇಬಲ್ಲಿನ ಕ್ಲಿಪ್ಪಿನ ಮೇಲೆ ಬೆರಳಿಟ್ಟ. ಒತ್ತಲಿಲ್ಲ, ಬೆರಳನ್ನು ತೆಗೆಯಲೂ ಇಲ್ಲ. ಬೆಳಗಿನ ಅದೇ ಖುಷಿ ಎದೆಯಲ್ಲಿ ಮತ್ತೆ ಕುಣಿಯತೊಡಗಿತ್ತು.