ಗಡಸುತನ ಸೊನ್ನೆ

ಮದ್ದೂರು ರಸ್ತೆಯ ಆ ಕಾರ್ಖಾನೆಯಲ್ಲಿ ನೀರೆಂದರೆ ಸಂಪತ್ ಕುಮಾರ್. ಹದಿನೆಂಟು ವರ್ಷದಿಂದ ಬಾಯ್ಲರಿಗೆ ಹೋಗುವ ನೀರನ್ನು ಪರೀಕ್ಷಿಸಿ, ರಿಜಿಸ್ಟರಿನಲ್ಲಿ 'ಗಡಸುತನ ಸೊನ್ನೆ' ಎಂದು ಬರೆದು, ಲಗ್ನಪತ್ರಿಕೆಗೆ ಹಾಕುವಷ್ಟು ಅಲಂಕಾರವಾಗಿ ಸಹಿ ಹಾಕುತ್ತಾ ಬಂದವರು. ನೀರು ಗಡಸಾಗಿದ್ದರೆ, ಎಂದರೆ ಅದರಲ್ಲಿ ಸುಣ್ಣವಿದ್ದರೆ, ಬಾಯ್ಲರಿನ ಕೊಳವೆಗಳಲ್ಲಿ ಕಲ್ಲು ಕಟ್ಟುತ್ತದೆ. ಹೀಗಾಗಿ ಸುಣ್ಣವೆಂದರೆ ಅವರಿಗೆ ಮೈಲಿಗೆ. ೧೯೭೪ರಲ್ಲಿ ಆಫೀಸರ್ಸ್ ಕ್ಲಬ್ಬಿಗೆ ಈಜುಕೊಳ ಕಟ್ಟಿಸಿದಾಗ ಅಲ್ಲಿನ ಬೋರ್‌ವೆಲ್ಲಿನ ಗಡಸು ನೀರನ್ನು ನಿಲ್ಲಿಸಿ, ಬಾಯ್ಲರಿಗೆಂದು ಮೆದು ಮಾಡಿದ ನೀರನ್ನೇ ತುಂಬಿಸಿದರು. ಯಂತ್ರಕ್ಕೆ ಸಲ್ಲುವ ಮರ್ಯಾದೆ ಮನುಷ್ಯರಿಗೂ ಸಂದಿತೆಂಬ ತೃಪ್ತಿ.

ವರ್ಷ ತುಂಬುವ ಮೊದಲೇ ಕೊಳದ ತಳ ಒರಟಾಯಿತು.

"ದಿನಾ ಒಂದು ಬಾಂಡ್ಲಿ ಮರಳು ಬತ್ತದೆ ಸೋಮಿ," ಎಂದ ಕೊಳ ತೊಳೆಯುವ ಅಂಕಯ್ಯ.

"ಮಕ್ಕಳ ಕಾಲಲ್ಲಿ ಬರುತ್ತೆ. ಇಳಿಯೋ ಮೊದಲು ಕಾಲು ತೊಳೆಸಯ್ಯ."

"ತೊಳ್ಸಿ ತೊಳ್ಸಿ ಮಕ್ಳ ಕಾಲೇ ಸವ್ದೋದೊ. ಮರಳು ನಿಂತಿಲ್ಲ."

ಕೊಳದ ತಳಕ್ಕೆ ಮ್ಯಾನೇಜರರ ಮೊಣಕಾಲು ತರಚಿದ ದಿನ ಅವರು ಹೇಳಿಕಳಿಸಿದ್ದು ಸಂಪತ್ ಕುಮಾರರಿಗಲ್ಲ, ಆರು ತಿಂಗಳ ಹಿಂದೆ ಲ್ಯಾಬಿಗೆ ಸೇರಿದ ಹನಕೆರೆಯ ಪುಟ್ಟಸ್ವಾಮಿಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಪಂಕಜಮ್ಮ ಸುದ್ದಿಗೆ ಇನ್ನಷ್ಟು ಸೇರಿಸಿ ಬಡಿಸಿದರು.

"ಅವನು ನೀರಿಗಿಳಿದು ತಳ ಮುಟ್ಟಿ ನೋಡಿದನಂತೆ. ನೀವು ಯಾವತ್ತಾದರೂ ಇಳಿದಿದ್ದೀರಾ?"

"ನಾನು ಕೆಮಿಸ್ಟು ಕಣೇ, ಎಮ್ಮೆಯಲ್ಲ," ಎಂದರು. ಆಮೇಲೆ ಮಜ್ಜಿಗೆ ರುಚಿಸಲಿಲ್ಲ.

ಮರುದಿನ ಕೊಳದ ದಂಡೆಯಲ್ಲೇ ಪರೀಕ್ಷೆ ನಡೆಯಿತು. ಪುಟ್ಟಸ್ವಾಮಿ ಕೊಳಕ್ಕೆ ಬೀಳುವ ಕೊಳವೆಯ ನೀರು ಹಿಡಿದು, ಅದಕ್ಕೆ ಕ್ಷಾರ ಸೇರಿಸಿ, ಚಿಟಿಕೆ ಬಣ್ಣದ ಪುಡಿ ಹಾಕಿದ. ಸುಣ್ಣವಿದ್ದರೆ ನೀರು ಕೆಂಪಾಗಬೇಕು. ಬ್ಯುರೆಟ್ಟೆಂಬ ಅಳತೆ ಗೆರೆಯ ಗಾಜಿನ ನಳಿಕೆಯಿಂದ ದ್ರಾವಣ ಬಿಡುತ್ತಾ ಹೋದರೆ ಕೆಂಪು ಹೋಗಿ ನೀಲಿ ಬರಬೇಕು. ಬಿಟ್ಟ ದ್ರಾವಣ ಎಷ್ಟೋ, ಸುಣ್ಣ ಅಷ್ಟು. ಇಲ್ಲಿ ಒಂದು ತೊಟ್ಟೂ ಬಿಡುವ ಮೊದಲೇ ನೀರು ನೀಲಿಯಾಯಿತು.

"ಸೊನ್ನೆ!" ಎಂದರು ಸಂಪತ್ ಕುಮಾರ್, ಪದಕ ಬಂದವರ ಹಾಗೆ.

"ತೊಂದರೆ ಅದೇ ಸಾರ್. ಈ ನೀರಿಗೆ ಸುಣ್ಣ ಬೇಕು. ನಾವು ಕೊಡಲಿಲ್ಲ, ಅದು ಸಿಮೆಂಟಿಂದ ಕಿತ್ಕೊಂಡು ತಿಂತಾ ಐತೆ."

"ಮಕ್ಳ ಕಾಲಂತೆ ಮಕ್ಳ ಕಾಲು," ಎಂದು ಅಂಕಯ್ಯ ಪೊರಕೆಗೆ ಹೇಳಿಕೊಂಡ.

ಮ್ಯಾನೇಜರು ತೀರ್ಪು ಕೊಟ್ಟರು. ತಳಕ್ಕೆ ಹೊಸ ಗಿಲಾವು ಆಗಲಿ. ಪುಟ್ಟಸ್ವಾಮಿ ಬೋರ್‌ವೆಲ್ ನೀರು ಬೆರೆಸಿ ಸುಣ್ಣವನ್ನು ಲೀಟರಿಗೆ ಇನ್ನೂರು ಮಿಲಿಗ್ರಾಮಿಗೆ ತರಲಿ. ಇಬ್ಬರೂ ಬೇರೆ ಬೇರೆಯಾಗಿ ಪರೀಕ್ಷಿಸಲಿ. ಲೆಕ್ಕ ಒಂದೇ ಬಂದರೆ ಕೊಳ ಇನ್ನು ಪುಟ್ಟಸ್ವಾಮಿಯ ವಶಕ್ಕೆ.

ಪರೀಕ್ಷೆಯ ದಿನ ಸಂಪತ್ ಕುಮಾರ್ ಲ್ಯಾಬಿಗೆ ಮೊದಲು ಬಂದು ಬ್ಯುರೆಟ್ ತಿರುಗಿಸಿದರು. ಸರಿಯಾಗಿ ಹತ್ತು ಮಿಲಿಲೀಟರಿಗೆ ಕೆಂಪು ಹೋಗಿ ನೀಲಿ ಬಂತು. ಮಿಲಿಲೀಟರಿಗೆ ಇಪ್ಪತ್ತರಂತೆ ಇನ್ನೂರು. ಆ ಹುಡುಗನ ಬೆರಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರು ಆ ನೀಲಿಯನ್ನು ದುರುಗುಟ್ಟಿ ನೋಡಿದರು. ಬಾಗಿಲ ಕಡೆ ನೋಡಿದರು. ಇನ್ನೂ ಎರಡು ಮಿಲಿಲೀಟರ್ ಬಿಟ್ಟು, 'ಇನ್ನೂರ ನಲವತ್ತು' ಎಂದು ಬರೆದು ಸಹಿ ಹಾಕಿದರು.

ಆಮೇಲೆ ಬಂದ ಪುಟ್ಟಸ್ವಾಮಿ ತನ್ನ ಪರೀಕ್ಷೆ ಮುಗಿಸಿ ಚೀಟಿಯಲ್ಲಿ ಇನ್ನೂರು ಎಂದು ಬರೆದ. ರಿಜಿಸ್ಟರ್ ನೋಡಿದ. ಚೀಟಿಯಲ್ಲಿದ್ದುದನ್ನು ಹೊಡೆದು ಇನ್ನೂರ ನಲವತ್ತು ಮಾಡಿದ.

"ಯಾಕ್ರೀ ಹೊಡೆದಿರಿ?"

"ನಿಮ್ಮ ಕೈ ತಪ್ಪಲ್ಲ ಸಾರ್. ನನ್ನ ಕಣ್ಣಿಗೇ ನೀಲಿ ಬೇಗ ಕಂಡುಬುಡ್ತೇನೋ."

ಎರಡೂ ಲೆಕ್ಕ ಒಂದಾದವು. ಸಂಪತ್ ಕುಮಾರರ ಸುಳ್ಳೇ ಕೊಳವನ್ನು ಅವನ ವಶಕ್ಕೆ ಕೊಟ್ಟಿತ್ತು. ಹದಿನೆಂಟು ವರ್ಷದ ರಿಜಿಸ್ಟರಿನಲ್ಲಿ ಒಂದೇ ಒಂದು ತಪ್ಪು ಅಂಕಿ, ಅದರಡಿಯಲ್ಲಿ ಆ ಅಲಂಕಾರದ ಸಹಿ. ಅವರು ರಿಜಿಸ್ಟರ್ ಎಳೆದುಕೊಂಡು ಅಂಕಿ ಹೊಡೆದು ಇನ್ನೂರು ಎಂದು ಬರೆದರು.

"ನಿಮ್ಮದೇ ಸರಿ. ನಾನು ಎರಡು ಮಿಲಿಲೀಟರ್ ಜಾಸ್ತಿ ಬಿಟ್ಟೆ."

"ಯಾಕ್ ಸಾರ್?"

"ಹೊಟ್ಟೆಕಿಚ್ಚಿಗೆ ಕಣ್ರೀ."

ಹಿರಿಯರು ತಮಾಷೆ ಮಾಡಿದರೆಂದು ಪುಟ್ಟಸ್ವಾಮಿ ವಿನಯದಿಂದ ನಕ್ಕ. ಆ ವಿನಯ ಕಂಡು ಸಂಪತ್ ಕುಮಾರರ ಹೊಟ್ಟೆ ಮತ್ತೊಮ್ಮೆ ಉರಿಯಿತು. ಕೊಳದ ಬೀಗದ ಕೈಯನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಬಾಯ್ಲರ್ ಕಡೆ ನಡೆದರು.