ಕ್ಯಾಚ್ ಹಿಡಿದ ಸೊಸೆ

ನೀರು ಸೋರುತ್ತಿದ್ದ ಪುಟ್ಟ ಮಡಕೆಯನ್ನು ಕಾರ್ತಿಕೇಯ ತಿರುಗಿ ನೋಡದೆ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಹಿಂದೆ ನಿಂತಿದ್ದ ಅವನ ಹೆಂಡತಿ ಚಂದ್ರಿಕಾ ಅದನ್ನು ಗಬಕ್ಕನೆ ಹಿಡಿದುಬಿಟ್ಟಳು.

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಚಿತಾಗಾರದ ಕಾರ್ ಪಾರ್ಕಿನಲ್ಲಿ ನೆರೆದಿದ್ದ ಜನವೆಲ್ಲ ಬಾಯಿ ತೆರೆದು ನಿಂತರು. ಸತ್ತವರ ಋಣ ಹರಿಯಬೇಕಾದರೆ ಮಡಕೆ ಒಡೆಯಬೇಕು, ಎಸೆದ ಮಗ ತಿರುಗಿ ನೋಡಬಾರದು. ಕ್ಯಾಚ್ ಹಿಡಿದರೆ ಏನು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪುರೋಹಿತರು ಮಂತ್ರ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು.

“ಒಡೀತಾ?” ಕಾರ್ತಿಕೇಯ ಬೆನ್ನು ಹಾಕಿಕೊಂಡೇ ಕೇಳಿದ. “ಶಬ್ದಾನೇ ಬರ್ಲಿಲ್ವಲ್ಲ?”

“ನಿನ್ನ ಹೆಂಡ್ತಿ ಹಿಡ್ಕೊಂಡಿದ್ದಾಳೆ ಕಣೋ,” ಎಂದರು ಅವನ ಸೋದರತ್ತೆ ಸೀತಾಲಕ್ಷ್ಮಿ.

*

ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯುಟ್ಟು ಮಲಗಿದ್ದ ಕಾರ್ತಿಕೇಯನ ತಾಯಿ ಲೊರೆಟ್ಟಾ ಅಮೆರಿಕದವರು. ಡಾಕ್ಟರ್ ಲಕ್ಷ್ಮೀನಾರಾಯಣರನ್ನು ಮದುವೆಯಾಗಿ ಇಲ್ಲಿಗೆ ಬರುವ ಮೊದಲು, ಹರೆಯದಲ್ಲಿ, ಹೆಂಗಸರ ಬೇಸ್‌ಬಾಲ್ ಲೀಗಿನಲ್ಲಿ ಸಂಬಳಕ್ಕೆ ಚೆಂಡೆಸೆದವರು. ಗಿಡ್ಡ ಸ್ಕರ್ಟು, ತುಟಿಗೆ ಬಣ್ಣ ಕಡ್ಡಾಯ. ಆ ವೇಷದಲ್ಲೇ ಮಣ್ಣಿನ ಮೇಲೆ ಜಾರಿ ತೊಡೆ ತರಚಿಕೊಳ್ಳಬೇಕು. ನಾಲ್ಕು ವರ್ಷ ಆಡುವಷ್ಟರಲ್ಲಿ ನೋಡುವ ಜನ ಕರಗಿ ಲೀಗ್ ಮುಚ್ಚಿಹೋಯಿತು. ಇಲ್ಲಿ ಅದನ್ನು ಹೇಳಿದರೆ ಜನ “ಓ, ರೌಂಡರ್ಸ್” ಎಂದು ಸ್ಕೂಲ್ ಹುಡುಗಿಯರ ಆಟ ನೆನೆದು ನಗುತ್ತಿದ್ದರು. ಸೀತಾಲಕ್ಷ್ಮಿಯಂತೂ ಅತ್ತಿಗೆ ಬಡಾಯಿ ಕೊಚ್ಚುತ್ತಾರೆಂದೇ ನಂಬಿದ್ದರು.

ಮೈಸೂರಿನಿಂದ ಸೊಸೆಯಾಗಿ ಬಂದ ವಾರವೇ ಚಂದ್ರಿಕಾಳಿಗೆ ನಿಜ ಗೊತ್ತಾಯಿತು. ಹಿತ್ತಲಲ್ಲಿ ಅತ್ತೆ ಎಸೆದ ಮೊದಲ ಚೆಂಡು ಹಣೆಗೆ ಬಡಿದು ಬುಗುಟು ಎದ್ದಿತು.

“ಸಾರು ಮಾಡೋದು ಯಾರಾದ್ರೂ ಕಲಿಸ್ತಾರೆ. ನಂಗೆ ಹಿಡಿಯೋರು ಬೇಕು,” ಎಂದರು ಲೊರೆಟ್ಟಾ, ತಮ್ಮ ಅಮೆರಿಕನ್ ರಾಗದ ಕನ್ನಡದಲ್ಲಿ.

ಅಂದಿನಿಂದ ಚಂದ್ರಿಕಾ ಜಿಪಿ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದು, ಅಡುಗೆಮನೆಯ ದಪ್ಪ ಒವನ್ ಗ್ಲೋವ್ ತೊಟ್ಟು ಚೆಂಡು ಹಿಡಿದಳು, ಬೈಸಿಕೊಂಡಳು, ತಿರುಗಿ ಎಸೆಯುವುದನ್ನೂ ಕಲಿತಳು. ಹೆತ್ತ ತಾಯಿಯ ಹತ್ತಿರ ಆಡದ ಮಾತುಗಳನ್ನು ಆ ಎಸೆತಗಳ ನಡುವೆ ಆಡಿದಳು. ಹಾಗೇ ಮೂವತ್ತು ವರ್ಷ ಕಳೆಯಿತು.

*

ಮಡಕೆಯನ್ನು ಮಗನ ಕೈಗೆ ವಾಪಸ್ ಕೊಡುವಂತಿಲ್ಲ, ಹಿಡಿದವರೇ ಒಡೆಯಬೇಕು ಎಂದರು ಪುರೋಹಿತರು. ಆ ಶಾಸ್ತ್ರ ಆಗಷ್ಟೇ ಹುಟ್ಟಿದ್ದೆಂದು ಎಲ್ಲರಿಗೂ ಗೊತ್ತಾಯಿತು. ಮುಂದಿನ ಶವದ ಕಾರು ಗೇಟಿಗೆ ಬಂದಿದೆಯೆಂದು ಚಿತಾಗಾರದ ನೌಕರ ಅವಸರ ಮಾಡಿದ.

ಚಂದ್ರಿಕಾ ಮಡಕೆಯನ್ನು ಎದೆಗವಚಿಕೊಂಡಳು. ನೀರು ಅವಳ ಕೋಟಿನೊಳಗೆ ಇಳಿಯುತ್ತಿತ್ತು.

“ಒಡೆದ್ರೆ ಅತ್ತೆ ಹೊರಟೋಗ್ತಾರೆ,” ಎಂದವಳು ಅತ್ತೇಬಿಟ್ಟಳು.

“ಹೋಗ್ಲೇಬೇಕಲ್ಲಮ್ಮ,” ಎಂದರು ಸೀತಾಲಕ್ಷ್ಮಿ, ಅವತ್ತು ಮೊದಲ ಸಲ ದನಿ ತಗ್ಗಿಸಿ. “ಮೆಲ್ಲಗೆ ಕೆಳಗೆ ಬಿಡು, ಸಾಕು.”

ಮೆಲ್ಲಗೆ ಎಂಬ ಮಾತು ಚಂದ್ರಿಕಾಳಿಗೆ ಸಹಿಸಲಾಗಲಿಲ್ಲ. ಲೊರೆಟ್ಟಾ ಅತ್ತೆಯನ್ನು ಮೆಲ್ಲಗೆ ಕಳಿಸುವುದೇ? ಮೂಗೊರೆಸಿಕೊಂಡಳು. ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿದಳು. ಎಡಗಾಲೆತ್ತಿ, ಸೊಂಟ ತಿರುಗಿಸಿ, ಆಚೆಬದಿಯ ಇಟ್ಟಿಗೆ ಗೋಡೆಗೆ ಬೀಸಿದಳು. ಮಡಕೆ ಪುಡಿಪುಡಿಯಾಯಿತು. ನೌಕರ ಕಾರಿನ ಹಿಂದೆ ಕುಕ್ಕರಿಸಿದ.

ಹಿತ್ತಲ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳುತ್ತಲೇ ಬೆಳೆದವನು ಕಾರ್ತಿಕೇಯ.

“ಅಮ್ಮಾ?” ಎಂದು, ಶಾಸ್ತ್ರ ಮರೆತು, ಗಕ್ಕನೆ ತಿರುಗಿದ.

ಚಂದ್ರಿಕಾ ಇನ್ನೂ ಒಂಟಿಗಾಲಲ್ಲೇ ಇದ್ದಳು. ಅವಳ ಬಲಗೈ ಗೋಡೆಯ ಕಡೆಗೆ ಪೂರ್ತಿ ಚಾಚಿಕೊಂಡಿತ್ತು, ಬೆರಳುಗಳೆಲ್ಲ ಬಿಚ್ಚಿಕೊಂಡಿದ್ದವು.